ಅಳತೆಪಟ್ಟಿಗೆ ಸಿಗದ ಹುಡುಗರು

1957ರ ಮಾರ್ಚ್ 23ರ ರಾತ್ರಿ ಕ್ಯಾನ್ಸಸ್ ಸಿಟಿಯ ಮುನಿಸಿಪಲ್ ಆಡಿಟೋರಿಯಮ್ಮಿನಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್. ಕ್ಯಾನ್ಸಸ್ ತಂಡದ ಸೆಂಟರ್ ವಿಲ್ಟ್ ಚೇಂಬರ್ಲಿನ್, ಎತ್ತರ 7 ಅಡಿ 1 ಅಂಗುಲ. ಆಟ ಶುರುವಾಗುವಾಗ ರೆಫರಿ ಚೆಂಡನ್ನು ಮೇಲಕ್ಕೆಸೆದರೆ ಎರಡೂ ಕಡೆಯ ಎತ್ತರದ ಆಟಗಾರರು ಅದಕ್ಕಾಗಿ ನೆಗೆಯುವುದು ವಾಡಿಕೆ. ಚೇಂಬರ್ಲಿನ್ ಎದುರಿಗೆ ನಾರ್ತ್ ಕೆರೊಲಿನಾದ ಕೋಚ್ ಫ್ರ್ಯಾಂಕ್ ಮಗ್ವೈರ್ ಕಳಿಸಿದ್ದು ಟಾಮಿ ಕರ್ನ್ಸ್ ಎಂಬ ಗಾರ್ಡನ್ನು. ಅವನ ಎತ್ತರ 5 ಅಡಿ 11 ಅಂಗುಲ. ಚೆಂಡು ಹೇಗಿದ್ದರೂ ಚೇಂಬರ್ಲಿನ್ ಪಾಲೇ. ಎದುರಾಳಿಗೆ ಒಂದು ಕ್ಷಣ ಇರಿಸುಮುರಿಸಾದರೆ ಸಾಕು ಎಂಬುದು ಕೋಚ್ ಲೆಕ್ಕ. ಮೂರು ಓವರ್‌ಟೈಮ್ ಆದಮೇಲೆ ನಾರ್ತ್ ಕೆರೊಲಿನಾ 54–53ರಲ್ಲಿ ಗೆದ್ದಿತು. ಆ ವರ್ಷ ಆಡಿದ 32 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ.

ನಾನಿರುವ ಈ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಆ ನೆಗೆತದ ಕತೆಯನ್ನು ಮೊಮ್ಮಕ್ಕಳಿಗೆ ಹೇಳುವ ಅಜ್ಜಂದಿರು ಇನ್ನೂ ಇದ್ದಾರೆ. ಆದರೆ ನನ್ನ ಕುತೂಹಲವೆಲ್ಲ ಅದಕ್ಕೂ ಹಿಂದಿನದು. ನ್ಯೂಯಾರ್ಕಿನ ಸೇಂಟ್ ಆನ್ಸ್ ಎಂಬ ಶಾಲೆಯಲ್ಲಿ ಓದುತ್ತಿದ್ದ ಕರ್ನ್ಸ್ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯವಿರುವ ದಕ್ಷಿಣದ ಊರು ಚಾಪೆಲ್ ಹಿಲ್‌ವರೆಗೆ ಬಂದದ್ದು ಹೇಗೆ? ಅವನೊಬ್ಬನೇ ಅಲ್ಲ, ಆ ತಂಡದ ಐವರು ಮುಖ್ಯ ಆಟಗಾರರೂ ನ್ಯೂಯಾರ್ಕ್ ಸುತ್ತಮುತ್ತಲಿನವರೇ. ಮಗ್ವೈರ್ ಸ್ವತಃ ನ್ಯೂಯಾರ್ಕಿನವರು, 1952ರಲ್ಲಿ ಇಲ್ಲಿಗೆ ಬಂದವರು. ಊರು ಬಿಟ್ಟರೂ ಊರಿನ ಕಣ್ಣುಗಳನ್ನು ಬಿಡಲಿಲ್ಲ. ಹ್ಯಾರಿ ಗಾಟ್ಕಿನ್ ಎಂಬ ಬಟ್ಟೆ ವ್ಯಾಪಾರಿ ಅವರ ಗೆಳೆಯ. ವ್ಯಾಪಾರ ಮುಗಿಸಿದ ಮೇಲೆ ಶಾಲೆಯ ಜಿಮ್ಮುಗಳನ್ನೂ ಆಟದ ಬಯಲುಗಳನ್ನೂ ಸುತ್ತಿ ಒಳ್ಳೆಯ ಹುಡುಗರನ್ನು ಗುರುತಿಸಿ ಮಗ್ವೈರ್‌ಗೆ ಹೇಳುವುದು ಅವರ ಹವ್ಯಾಸ. ಹೈಸ್ಕೂಲ್ ಹುಡುಗನನ್ನು ನೋಡಿ ‘ಇವನು ಕಾಲೇಜಿನಲ್ಲಿ ಆಡಬಲ್ಲ’ ಎಂದು ತೀರ್ಪು ಕೊಡುವ ಕಸುಬು ಆಗ ಇನ್ನೂ ಕಸುಬೇ ಆಗಿರಲಿಲ್ಲ. ಇಂಥ ಹುಚ್ಚಿನವರು ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ ಅದು.

ನಾನು ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಗಾರ್ಡ್ ಆಗಿ ಆಡಿದವಳು. ಮದುವೆಯಾಗಿ ರಾಲಿ ಪಕ್ಕದ ಕ್ಯಾರಿಗೆ ಬಂದೆ. ಮಗಳು ಓದಿದ ಹೈಸ್ಕೂಲಿನಲ್ಲಿ, ಅವಳು ಮುಗಿಸಿ ಹೋಗಿ ಎಷ್ಟೋ ಕಾಲವಾದರೂ, ಚಳಿಗಾಲದ ಸಂಜೆಗಳಲ್ಲಿ ಸ್ಕೋರ್‌ಬುಕ್ ಬರೆಯುತ್ತೇನೆ. ಅಂಕಣದ ಮಧ್ಯಗೆರೆಯ ಎದುರಿಗೇ ನಮ್ಮ ಮೇಜು. ಯಾರು ಎಷ್ಟು ಪಾಯಿಂಟ್ ಹೊಡೆದರು, ಎಷ್ಟು ಫೌಲ್ ಮಾಡಿದರು, ಯಾವ ತಂಡಕ್ಕೆ ಎಷ್ಟು ಟೈಮ್‌ಔಟ್ ಉಳಿದಿದೆ ಎಂಬುದಷ್ಟೇ ಆ ಪುಸ್ತಕಕ್ಕೆ ಬೇಕು. ಗಾರ್ಡ್ ಮಾಡುವ ಕೆಲಸದ ಮುಕ್ಕಾಲು ಪಾಲು ಅದರಲ್ಲಿ ಎಲ್ಲೂ ಸೇರುವುದಿಲ್ಲ. ಚೆಂಡನ್ನು ಅಂಕಣದ ಈ ತುದಿಯಿಂದ ಆ ತುದಿಗೆ ಸಾಗಿಸುವವನು, ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವವನು, ಆಟದ ವೇಗ ಏರಿಸುವವನು, ಇಳಿಸುವವನು ಗಾರ್ಡ್. ಇದನ್ನೆಲ್ಲ ನಾನು ಪೆನ್ಸಿಲ್‌ನಲ್ಲಿ ಪುಟದ ಅಂಚಿಗೆ ಬರೆದುಕೊಳ್ಳುತ್ತೇನೆ. ‘ಎಡಗೈ ನಂಬಿಕೆ ಇಲ್ಲ.’ ‘ಪಾಸ್ ಕೊಡುವ ಮೊದಲು ಕಣ್ಣು ಆ ಕಡೆ ಹೋಗುತ್ತೆ.’ ‘ನಾಲ್ಕನೇ ಕ್ವಾರ್ಟರ್‌ನಲ್ಲಿ ಚೆಂಡು ತಾನೇ ಕೇಳಿ ಇಸ್ಕೊಂಡ.’

ಎತ್ತರದ ಹುಡುಗನನ್ನು ಅಳೆಯಬಹುದು. ಆರೂಮುಕ್ಕಾಲು ಅಡಿ ಇದ್ದರೆ, ಕೈ ಉದ್ದ ಇದ್ದರೆ, ಓಡಬಲ್ಲವನಾದರೆ, ಮಿಕ್ಕಿದ್ದನ್ನು ಕಲಿಸಬಹುದೆಂದು ಕೋಚ್‌ಗಳು ಧೈರ್ಯ ಮಾಡುತ್ತಾರೆ. ಆರಡಿಯ ಗಾರ್ಡ್‌ಗಳು ಪ್ರತಿ ಊರಿನ ಪ್ರತಿ ಶಾಲೆಯಲ್ಲೂ ಸಿಗುತ್ತಾರೆ. ಅವರಲ್ಲಿ ಯಾರು ಎಂಬುದನ್ನು ಅಳತೆಪಟ್ಟಿ ಹೇಳಲಾರದು. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೆಂದು ತಿಳಿಯುವ ಉಪಾಯವೂ ಇಲ್ಲಿ ನಡೆಯದು. ಒಂದು ಆಟ ನೋಡಿದರೆ ಆಗಲಿಲ್ಲ. ಸೋತ ಆಟ, ಜ್ವರ ಬಂದ ದಿನದ ಆಟ, ಶೂಟ್ ಮಾಡಿದ್ದೆಲ್ಲ ತಪ್ಪಿದ ಆಟ, ಇವನ್ನೂ ಕೂತು ನೋಡಬೇಕು. ಈ ಕಸುಬಿನ ಚರಿತ್ರೆಯನ್ನು ನಾನು ಓದಿಕೊಂಡಿರುವುದು ಹೀಗೆ: ಕೂತು ನೋಡಿದವರು ಇದ್ದಾಗ ಒಳ್ಳೆಯ ಗಾರ್ಡ್‌ಗಳು ಸಿಕ್ಕರು, ಅವರು ಇಲ್ಲದಿದ್ದಾಗ ತಪ್ಪಿಹೋದರು.

ಬಾಬ್ ಕೂಸಿಯ ಕತೆಯನ್ನೇ ನೋಡಿ. ಫ್ರಾನ್ಸಿನಿಂದ ವಲಸೆ ಬಂದವರ ಮಗ, 1928ರಲ್ಲಿ ಹುಟ್ಟಿದವನು. ನ್ಯೂಯಾರ್ಕಿನ ಆಂಡ್ರೂ ಜಾಕ್ಸನ್ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಅವನಿಗೆ ಮೊದಲು ಜಾಗ ಸಿಗಲಿಲ್ಲ. ಮರದಿಂದ ಬಿದ್ದು ಬಲಗೈ ಮುರಿದಾಗ ಆಟ ಬಿಡದೆ ಎಡಗೈಯಲ್ಲೇ ಡ್ರಿಬಲ್, ಎಡಗೈಯಲ್ಲೇ ಶೂಟ್ ಕಲಿತ. ಶಾಲೆಯ ಕಿರಿಯರ ತಂಡದ ಕೋಚ್ ಅವನನ್ನು ಬೇರೆಲ್ಲೋ ಒಂದು ಬಡಾವಣೆಯ ಆಟದಲ್ಲಿ ಅಕಸ್ಮಾತ್ತಾಗಿ ನೋಡಿದರು. ಎರಡೂ ಕೈಯಲ್ಲಿ ಒಂದೇ ಸಲೀಸಾಗಿ ಆಡುವ ಹುಡುಗ ಅವರ ಕಣ್ಣಿಗೆ ಬಿದ್ದ. ಅವನು ಹೋಲಿ ಕ್ರಾಸ್ ಕಾಲೇಜಿಗೆ ಹೋದ ಮೊದಲ ವರ್ಷವೇ, 1947ರಲ್ಲಿ, ಆ ಕಾಲೇಜು ರಾಷ್ಟ್ರೀಯ ಚಾಂಪಿಯನ್ ಆಯಿತು. ಮುಂದೆ ಬಾಸ್ಟನ್ ಸೆಲ್ಟಿಕ್ಸ್ ತಂಡದೊಂದಿಗೆ ಆರು ಸಲ ವೃತ್ತಿಪರ ಆಟಗಾರರ ಲೀಗ್ ಆದ ಎನ್‌ಬಿಎ ಗೆದ್ದ.

ದಕ್ಷಿಣದಲ್ಲಿ ಕಣ್ಣುಗಳೇ ಅರ್ಧ ಮುಚ್ಚಿದ್ದವು. ಕರಿಯ ಹುಡುಗರ ಶಾಲೆಗಳಿಗೆ ಬಿಳಿಯರ ವಿಶ್ವವಿದ್ಯಾಲಯಗಳ ಕೋಚ್‌ಗಳು ಹೋಗುತ್ತಲೇ ಇರಲಿಲ್ಲ. ಹೋದರೂ ಕರೆತರುವಂತಿರಲಿಲ್ಲ. ಫಿಲಡೆಲ್ಫಿಯಾದ ಬಾರ್ಟ್ರಮ್ ಹೈಸ್ಕೂಲಿನ ಅರ್ಲ್ ಮನ್ರೋ ಬಂದು ಸೇರಿದ್ದು ವಿನ್‌ಸ್ಟನ್-ಸೇಲಮ್‌ನ ಕರಿಯರ ಕಾಲೇಜಿಗೆ. ಅಲ್ಲಿ ಕ್ಲಾರೆನ್ಸ್ ಗೇನ್ಸ್ ಎಂಬ ದೊಡ್ಡ ಕೋಚ್ ಇದ್ದರು. 1966–67ರಲ್ಲಿ ಮನ್ರೋ ಪಂದ್ಯಕ್ಕೆ ಸರಾಸರಿ 41.5 ಪಾಯಿಂಟ್ ಹೊಡೆದ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ ಅವನದು ಎರಡನೇ ಹೆಸರು. ಚಾಪೆಲ್ ಹಿಲ್‌ಗೂ ವಿನ್‌ಸ್ಟನ್-ಸೇಲಮ್‌ಗೂ ಎರಡು ತಾಸಿನೊಳಗಿನ ದಾರಿ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ ಪಡೆದು ಬಂದ ಮೊದಲ ಕರಿಯ ಆಟಗಾರ ಚಾರ್ಲಿ ಸ್ಕಾಟ್. ಅವನನ್ನು ಅಲ್ಲಿನ ಕೋಚ್ ಡೀನ್ ಸ್ಮಿತ್ ಕರೆತಂದದ್ದು 1966ರಲ್ಲಿ. ಅದಕ್ಕೂ ಹಿಂದಿನ ಹೈಸ್ಕೂಲ್ ಪಟ್ಟಿಗಳಲ್ಲಿ ‘ಅತ್ಯುತ್ತಮ ಗಾರ್ಡ್‌ಗಳು’ ಎಂದು ಬರೆದದ್ದನ್ನು ಓದುವಾಗ ಯಾರನ್ನು ನೋಡಲೇ ಇಲ್ಲ ಎಂಬುದೂ ನನ್ನ ಮನಸ್ಸಿನಲ್ಲಿರುತ್ತದೆ. ಇಂದಿಗೂ ಈ ವಿಷಯ ನೆನೆದರೆ ಸಿಟ್ಟು ಬರುತ್ತದೆ.

ಹವ್ಯಾಸವನ್ನು ಕಸುಬು ಮಾಡಿದವರಲ್ಲಿ ಮುಖ್ಯರು ನ್ಯೂಯಾರ್ಕಿನ ಹವರ್ಡ್ ಗಾರ್ಫಿಂಕೆಲ್. ಎಲ್ಲರ ಬಾಯಲ್ಲೂ ‘ಗಾರ್ಫ್’. 1960ರ ದಶಕದ ನಡುವೆ ‘ಹೈಸ್ಕೂಲ್ ಬಾಸ್ಕೆಟ್‌ಬಾಲ್ ಇಲಸ್ಟ್ರೇಟೆಡ್’ ಎಂಬ ವರದಿ ಶುರು ಮಾಡಿದರು. ಅದು ಅಂಗಡಿಯಲ್ಲಿ ಸಿಗುವ ಪತ್ರಿಕೆಯಲ್ಲ. ಹಣ ಕಟ್ಟಿದ ಕಾಲೇಜು ಕೋಚ್‌ಗಳಿಗೆ ಅಂಚೆಯಲ್ಲಿ ಹೋಗುತ್ತಿತ್ತು. ಹುಡುಗನ ಹೆಸರು, ಶಾಲೆ, ಎತ್ತರ, ಒಂದೆರಡು ಸಾಲು ವಿವರ, ಜೊತೆಗೆ ನಕ್ಷತ್ರಗಳು. ಐದು ನಕ್ಷತ್ರ ಅಂದರೆ ಎಲ್ಲಿ ಬೇಕಾದರೂ ಆಡಬಲ್ಲವನು. 1966ರಲ್ಲಿ ವಿಲ್ ಕ್ಲೈನ್ ಜೊತೆ ‘ಫೈವ್-ಸ್ಟಾರ್’ ಬೇಸಿಗೆ ಶಿಬಿರ ತೆರೆದರು. ಹ್ಯೂಬಿ ಬ್ರೌನ್, ಬಾಬ್ ನೈಟ್, ಚಕ್ ಡೇಲಿಯಂಥವರು ಅಲ್ಲಿ ಪಾಠ ಹೇಳಿದರು. ಶಿಬಿರದ ಗುಣ ಏನೆಂದರೆ, ಊರಿನ ಶಾಲೆಯಲ್ಲಿ ಮೂವತ್ತು ಪಾಯಿಂಟ್ ಹೊಡೆಯುವ ಗಾರ್ಡ್ ಇಲ್ಲಿ ತನ್ನಷ್ಟೇ ಚುರುಕಾದವನ ಎದುರು ನಿಲ್ಲಬೇಕು, ಅದೂ ಇಡೀ ವಾರ. ಒಳ್ಳೆಯವನು ಮೂರನೇ ದಿನಕ್ಕೆ ಗೊತ್ತಾಗಿಬಿಡುತ್ತಾನೆ.

1980ರ ಬೇಸಿಗೆಯಲ್ಲಿ ನಮ್ಮ ರಾಜ್ಯದ ವಿಲ್ಮಿಂಗ್ಟನ್‌ನಿಂದ, ಲೇನಿ ಹೈಸ್ಕೂಲಿನಿಂದ, ಮೈಕೆಲ್ ಜೋರ್ಡನ್ ಎಂಬ ಹುಡುಗ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಇದೇ ಶಿಬಿರಕ್ಕೆ ಹೋದ. ಆಗ ನಾರ್ತ್ ಕೆರೊಲಿನಾದಲ್ಲಿ ಸಹಾಯಕ ಕೋಚ್ ಆಗಿದ್ದ ರಾಯ್ ವಿಲಿಯಮ್ಸ್ ಅವನನ್ನು ಅಲ್ಲಿಗೆ ಸೇರಿಸುವಂತೆ ಹೇಳಿದ್ದರು. ದೇಶದ ಹೈಸ್ಕೂಲ್ ಹುಡುಗರ ದೊಡ್ಡ ಪಟ್ಟಿ ಅಚ್ಚುಹಾಕುತ್ತಿದ್ದ ‘ಸ್ಟ್ರೀಟ್ ಅಂಡ್ ಸ್ಮಿತ್ಸ್’ ವಾರ್ಷಿಕದಲ್ಲಿ ನೂರಾರು ಹೆಸರಿದ್ದರೂ ಆ ವರ್ಷ ಜೋರ್ಡನ್ ಹೆಸರಿರಲಿಲ್ಲ. ಶಿಬಿರದಲ್ಲಿ ಅವನನ್ನು ನೋಡಿದವರಿಗೆ ಪಟ್ಟಿಯ ಅಗತ್ಯವೇ ಬೀಳಲಿಲ್ಲ.

ಗಾರ್ಫ್ ತಮ್ಮ ವರದಿಯನ್ನು 1984ರಲ್ಲಿ ಟಾಮ್ ಕೊಂಚಾಲ್ಸ್ಕಿಗೆ ಮಾರಿದರು. ಈ ಕಸುಬಿನಲ್ಲಿ ನಾನು ಮನಸಾರೆ ಗೌರವಿಸುವ ಹೆಸರು ಇದು. ಕ್ವೀನ್ಸ್‌ನ ಫಾರೆಸ್ಟ್ ಹಿಲ್ಸ್‌ನಲ್ಲಿದ್ದರು. ಮೊದಲು ಮೇಷ್ಟರು. ಆರೂವರೆ ಅಡಿ ಎತ್ತರ, ಮೆಲುಮಾತು. ಕಾರು ಓಡಿಸುತ್ತಿರಲಿಲ್ಲ, ಬಸ್ಸು, ರೈಲು, ಇಲ್ಲವೇ ಯಾರಾದರೂ ಗೆಳೆಯರ ಕಾರು. ಮೊಬೈಲ್ ಇಲ್ಲ, ಕಂಪ್ಯೂಟರ್ ಇಲ್ಲ. ಜಿಮ್ಮಿನ ಮೆಟ್ಟಿಲು ಸಾಲಿನ ತೀರ ಮೇಲೆ, ಒಂದು ಮೂಲೆಯಲ್ಲಿ, ಹಳದಿ ಹಾಳೆಯ ಪ್ಯಾಡ್ ಹಿಡಿದು ಕೂರುತ್ತಿದ್ದರು. ಮೇಲಿನಿಂದ ನೋಡಿದರೆ ಹತ್ತೂ ಜನ ಕಾಣುತ್ತಾರೆ. ಗಾರ್ಡ್ ಪಾಸ್ ಕೊಡುವ ಮೊದಲು ಅವನಿಗೆ ಯಾವ ದಾರಿಗಳಿದ್ದವು, ಅವನು ಯಾವುದನ್ನು ನೋಡಿದ, ಯಾವುದನ್ನು ನೋಡಲೇ ಇಲ್ಲ ಎಂಬುದೂ ತಿಳಿಯುತ್ತದೆ. ಕೆಳಗಿನ ಸಾಲಿನಲ್ಲಿ ಕೂತವರಿಗೆ ಚೆಂಡು ಮಾತ್ರ ಕಾಣುತ್ತದೆ. ಇದು ನನ್ನ ಮೇಜಿನಿಂದ ನನಗೇ ಗೊತ್ತಿರುವ ಕಷ್ಟ. ಮನೆಗೆ ಹೋಗಿ ಟೈಪ್‌ರೈಟರಿನಲ್ಲಿ ವರದಿ ಹೊಡೆದು, ಪ್ರತಿ ಮಾಡಿಸಿ, ಪಿನ್ ಹಾಕಿ, ವರ್ಷಕ್ಕೆ 16 ಸಲ ಅಂಚೆಗೆ ಹಾಕುತ್ತಿದ್ದರು.

ಅವರ ವರದಿಗೆ ಬೆಲೆ ಬಂದದ್ದು ಪ್ರಾಮಾಣಿಕತೆಯಿಂದ. ಶೂ ಕಂಪನಿಗಳ ದುಡ್ಡು ಹೈಸ್ಕೂಲ್ ಆಟದೊಳಕ್ಕೆ ಹರಿಯತೊಡಗಿದ ಕಾಲ ಅದು. ಯಾವ ಹುಡುಗನನ್ನು ಹೊಗಳಿದರೆ ಯಾರಿಗೆ ಲಾಭ ಎಂಬ ಲೆಕ್ಕ ಎಲ್ಲೆಲ್ಲೂ ಇತ್ತು. ಕೊಂಚಾಲ್ಸ್ಕಿ ಯಾರ ಪರವೂ ಅಲ್ಲ. ದೊಡ್ಡ ವಿಶ್ವವಿದ್ಯಾಲಯಕ್ಕೆ ಸಾಲದ ಗಾರ್ಡ್ ಬಗ್ಗೆಯೂ ಅವನು ಯಾವ ಮಟ್ಟದ ಕಾಲೇಜಿಗೆ ಸರಿಹೋಗುತ್ತಾನೆಂದು ಬರೆಯುತ್ತಿದ್ದರು. ಆ ಒಂದು ಸಾಲಿನಿಂದ ಸ್ಕಾಲರ್‌ಶಿಪ್ ಸಿಕ್ಕು, ಎಂದೂ ಟಿವಿಯಲ್ಲಿ ಕಾಣಿಸಿಕೊಳ್ಳದೆ, ಡಿಗ್ರಿ ಮುಗಿಸಿದ ಹುಡುಗರ ಕತೆಗಳನ್ನು ಅವರು 2021ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಕೋಚ್‌ಗಳು ಹೇಳಿಕೊಂಡರು. ನಕ್ಷತ್ರ ಎಣಿಸುವವರು ಮರೆಯುವ ವಿಷಯ ಇದೇ. ಈ ಕಸುಬು ಇರುವುದು ಮುಂದಿನ ಜೋರ್ಡನ್‌ನನ್ನು ಹುಡುಕುವುದಕ್ಕಷ್ಟೇ ಅಲ್ಲ, ಸಣ್ಣ ಕಾಲೇಜಿನಲ್ಲಿ ನಾಲ್ಕು ವರ್ಷ ಚೆನ್ನಾಗಿ ಆಡಿ ಓದು ಮುಗಿಸುವ ಹುಡುಗನಿಗೂ ದಾರಿ ತೋರಿಸುವುದಕ್ಕೆ.

ಏನನ್ನು ನೋಡಬೇಕು ಎಂಬುದನ್ನು ಕಾಲಕಾಲಕ್ಕೆ ನಿಯಮಗಳೂ ಬದಲಿಸಿದವು. ಎಪ್ಪತ್ತರ ದಶಕದಲ್ಲಿ ಡೀನ್ ಸ್ಮಿತ್ ‘ಫೋರ್ ಕಾರ್ನರ್ಸ್’ ಆಡಿಸುತ್ತಿದ್ದರು. ನಾಲ್ವರು ನಾಲ್ಕು ಮೂಲೆಗೆ, ನಡುವೆ ಚೆಂಡು ಹಿಡಿದ ರಾಕಿ ಮೌಂಟ್ ಊರಿನ ಫಿಲ್ ಫೋರ್ಡ್. ಮುನ್ನಡೆ ಸಿಕ್ಕಿದ ಮೇಲೆ ಅವನು ನಿಮಿಷಗಟ್ಟಲೆ ಡ್ರಿಬಲ್ ಮಾಡುತ್ತ ಚೆಂಡು ಬಿಟ್ಟುಕೊಡುತ್ತಿರಲಿಲ್ಲ. ಆಗ ಹೈಸ್ಕೂಲ್ ಗಾರ್ಡ್‌ನಲ್ಲಿ ಹುಡುಕುತ್ತಿದ್ದದ್ದು ಆ ಹಿಡಿತವನ್ನು. 1985–86ರಲ್ಲಿ ಗಂಡಸರ ಕಾಲೇಜು ಆಟಕ್ಕೆ 45 ಸೆಕೆಂಡಿನೊಳಗೆ ಬುಟ್ಟಿಗೆ ಹೊಡೆಯಲೇಬೇಕೆಂಬ ಶಾಟ್ ಕ್ಲಾಕ್ ಬಂತು, ಮರುವರ್ಷ 19 ಅಡಿ 9 ಅಂಗುಲದಲ್ಲಿ ಮೂರು ಪಾಯಿಂಟ್ ಗೆರೆ ಬಂತು. ಚೆಂಡು ಕಾಯುವವನ ಬೆಲೆ ಇಳಿದು, ದೂರದಿಂದ ಹೊಡೆಯುವವನ ಬೆಲೆ ಏರಿತು. ಆದರೂ ಗಿಡ್ಡ ಹುಡುಗರ ಮೇಲಿನ ಅನುಮಾನ ಹೋಗಲಿಲ್ಲ. ಬಾಲ್ಟಿಮೋರ್‌ನ ಡನ್ಬಾರ್ ಹೈಸ್ಕೂಲಿನ ಮಗ್ಸಿ ಬೋಗ್ಸ್ 5 ಅಡಿ 3 ಅಂಗುಲ. ಅವನನ್ನು ವೇಕ್ ಫಾರೆಸ್ಟ್ ಕರೆದುಕೊಂಡಿತು. ಎದುರಾಳಿ ಗಾರ್ಡ್‌ನ ಮೊಣಕಾಲಿನ ಮಟ್ಟದಲ್ಲಿ ಚೆಂಡು ಕಸಿಯುವ ಹುಡುಗನನ್ನು ಯಾವ ಅಳತೆಗೆ ಹಾಕುತ್ತೀರಿ? ಕೆನಡಾದ ವಿಕ್ಟೋರಿಯಾದಲ್ಲಿದ್ದ ಸ್ಟೀವ್ ನ್ಯಾಶ್ ಪರವಾಗಿ ಅವನ ಹೈಸ್ಕೂಲ್ ಕೋಚ್ ಮೂವತ್ತಕ್ಕೂ ಹೆಚ್ಚು ಅಮೆರಿಕನ್ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದರು. 1992ರಲ್ಲಿ ಸ್ಕಾಲರ್‌ಶಿಪ್ ಕೊಟ್ಟದ್ದು ಸ್ಯಾಂಟಾ ಕ್ಲಾರಾ ಒಂದೇ. ನ್ಯಾಶ್ ಮುಂದೆ ಎರಡು ಸಲ ಎನ್‌ಬಿಎಯ ಅತ್ಯಮೂಲ್ಯ ಆಟಗಾರನಾದ.

ಸ್ಟೆಫನ್ ಕರಿ ವಿಷಯವಂತೂ ಇಲ್ಲಿ ಮನೆಮಾತು. ಅಪ್ಪ ಡೆಲ್ ಕರಿ ಎನ್‌ಬಿಎ ಆಟಗಾರ, ವರ್ಜೀನಿಯಾ ಟೆಕ್‌ನ ಹೆಮ್ಮೆಯ ಹಳೆಯ ವಿದ್ಯಾರ್ಥಿ. ಅದೇ ವಿಶ್ವವಿದ್ಯಾಲಯ ಮಗನಿಗೆ ಸ್ಕಾಲರ್‌ಶಿಪ್ ಇಲ್ಲದೆ ಬಂದು ಸೇರಬಹುದು ಎಂದಿತು. ಶಾರ್ಲಟ್‌ನಲ್ಲಿ ಹೈಸ್ಕೂಲ್ ಓದುತ್ತಿದ್ದಾಗ ಅವನು ಸಣಕಲ. ಚೆಂಡನ್ನು ಸೊಂಟದ ಹತ್ತಿರದಿಂದ ಎತ್ತಿ ಎಸೆಯುತ್ತಿದ್ದ. ಅಪ್ಪ ಒಂದು ಬೇಸಿಗೆಯಿಡೀ ಕೂತು ಆ ಅಭ್ಯಾಸ ಬಿಡಿಸಿ ತಲೆಯ ಮೇಲಿನಿಂದ ಹೊಡೆಯುವುದನ್ನು ಹೊಸದಾಗಿ ಕಲಿಸಿದರು. ಕೆಲವು ತಿಂಗಳು ಬುಟ್ಟಿಯ ಹತ್ತಿರ ಬಿಟ್ಟು ದೂರದಿಂದ ಹೊಡೆಯಲು ಹುಡುಗನಿಗೆ ಆಗುತ್ತಲೇ ಇರಲಿಲ್ಲ. ಡೇವಿಡ್‌ಸನ್ ಎಂಬ ಚಿಕ್ಕ ಕಾಲೇಜಿನ ಕೋಚ್ ಬಾಬ್ ಮಕಿಲಪ್ ಅವನನ್ನು ಲಾಸ್ ವೇಗಸ್‌ನ ಒಂದು ಬೇಸಿಗೆ ಪಂದ್ಯದಲ್ಲಿ ನೋಡಿದರು. ಅವತ್ತು ಸ್ಟೆಫನ್ ಆಟ ಕೆಟ್ಟಿತ್ತು. ಪಾಸ್‌ಗಳು ಪ್ರೇಕ್ಷಕರ ನಡುವೆ ಹೋದವು, ಚೆಂಡು ಕೈಜಾರಿತು, ಶಾಟ್‌ಗಳು ತಪ್ಪಿದವು. ಮಕಿಲಪ್ ನೋಡುತ್ತಿದ್ದದ್ದು ಬೇರೆ. ಹುಡುಗ ರೆಫರಿಯನ್ನು ದೂರಲಿಲ್ಲ, ಜೊತೆಗಾರನ ಕಡೆ ಬೆರಳು ತೋರಿಸಲಿಲ್ಲ. ಹೊರಗೆ ಕರೆದಾಗ ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದ, ಕೋಚ್ ಮಾತಾಡುವಾಗ ಅವರ ಕಣ್ಣನ್ನೇ ನೋಡುತ್ತಿದ್ದ. ಅಂದೇ ಮಕಿಲಪ್‌ಗೆ ಈ ಹುಡುಗ ಬೇಕೆಂದು ಗಟ್ಟಿಯಾಯಿತು.

ಅವರ ಆ ನಂಬಿಕೆಗೆ ಮೊದಲ ಪರೀಕ್ಷೆ 2006ರ ನವೆಂಬರಿನಲ್ಲಿ ಬಂತು. ಕಾಲೇಜಿನ ಮೊದಲ ಪಂದ್ಯದಲ್ಲೇ ಕರಿ 13 ಸಲ ಚೆಂಡು ಕಳೆದುಕೊಂಡ. ಮಕಿಲಪ್ ಅವನನ್ನು ಕೂರಿಸಲಿಲ್ಲ. ಮರುದಿನ ಮಿಷಿಗನ್ ವಿರುದ್ಧ ಅವನು 32 ಪಾಯಿಂಟ್ ಹೊಡೆದ. 2008ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಡೇವಿಡ್‌ಸನ್ ತಂಡ ಗೊನ್ಜಾಗಾ, ಜಾರ್ಜ್‌ಟೌನ್, ವಿಸ್ಕಾನ್ಸಿನ್‌ಗಳನ್ನು ಸೋಲಿಸಿ, ಕೊನೆಗೆ ಕ್ಯಾನ್ಸಸ್ ಎದುರು 59–57ರಲ್ಲಿ ಸೋತಿತು. ಆ ಮಾರ್ಚ್ ತಿಂಗಳು ಈ ರಾಜ್ಯದಲ್ಲಿದ್ದವರು ಯಾರೂ ಮರೆಯುವುದಿಲ್ಲ. ನಮ್ಮ ಕನ್ನಡ ಕೂಟದ ಯುಗಾದಿ ತಯಾರಿ ನಡೆಯುತ್ತಿದ್ದ ಮನೆಯಲ್ಲೂ ಟಿವಿ ಹಾಕಿಕೊಂಡೇ ಹೋಳಿಗೆ ಲಟ್ಟಿಸಿದೆವು.

ಅಷ್ಟು ಹೊತ್ತಿಗೆ ಪಟ್ಟಿಗಳೆಲ್ಲ ಇಂಟರ್‌ನೆಟ್‌ಗೆ ಬಂದಿದ್ದವು. 1998ರಲ್ಲಿ ಶುರುವಾದ ರೈವಲ್ಸ್, ಆಮೇಲೆ ಬಂದ ಬೇರೆ ಕಂಪನಿಗಳು, ಗಾರ್ಫ್ ನಕ್ಷತ್ರಗಳನ್ನು ಎಲ್ಲರ ಮುಂದಿಟ್ಟವು. ಕೋಚ್‌ಗೆ ಮಾತ್ರ ಹೋಗುತ್ತಿದ್ದ ತೀರ್ಪನ್ನು ಈಗ ಹುಡುಗನೇ ಓದುತ್ತಾನೆ, ಅವನ ಅಪ್ಪ ಅಮ್ಮ ಓದುತ್ತಾರೆ, ಎದುರು ಶಾಲೆಯವರು ಓದಿ ಅಂಕಣದ ಬದಿಯಿಂದ ಕೂಗುತ್ತಾರೆ. ಹದಿನೈದು ವರ್ಷದ ಮಗುವಿನ ಹೆಗಲ ಮೇಲೆ ಇಷ್ಟು ಭಾರ ಹೇರುವುದು ನನಗೆ ಸರಿ ಕಾಣುವುದಿಲ್ಲ. ವಿಡಿಯೊ ಬಂದದ್ದರಿಂದ ದೂರದ ಊರಿನ ಹುಡುಗರಿಗೆ ಉಪಕಾರವಾಗಿದೆ, ನಿಜ. ಆದರೆ ಅಪ್ಪಂದಿರು ಕಳಿಸುವ ಎರಡು ನಿಮಿಷದ ತುಣುಕಿನಲ್ಲಿ ತಪ್ಪಿದ ಶಾಟ್ ಒಂದೂ ಇರುವುದಿಲ್ಲ. ಮಕಿಲಪ್ ನೋಡಿದ್ದು ಅಂಥ ಯಾವ ತುಣುಕಿನಲ್ಲೂ ಸಿಗುತ್ತಿರಲಿಲ್ಲ.

ಪಟ್ಟಿಗಳ ಕಾಲದಲ್ಲೂ ಜಾ ಮೊರಾಂಟ್ ತಪ್ಪಿಹೋಗಿದ್ದ. ಸೌತ್ ಕೆರೊಲಿನಾದ ಹುಡುಗ. 2016ರಲ್ಲಿ ಮರ್ರೆ ಸ್ಟೇಟ್‌ನ ಸಹಾಯಕ ಕೋಚ್ ಜೇಮ್ಸ್ ಕೇನ್ ಬೇರೊಬ್ಬ ಆಟಗಾರನನ್ನು ನೋಡಲು ಒಂದು ಶಿಬಿರಕ್ಕೆ ಹೋಗಿದ್ದರು. ಹಸಿವಾಗಿ ತಿಂಡಿ ಕೊಳ್ಳಲು ಎದ್ದಾಗ ಪಕ್ಕದ ಚಿಕ್ಕ ಜಿಮ್ಮಿನಿಂದ ಚೆಂಡಿನ ಸದ್ದು ಕೇಳಿತು. ಇಣುಕಿದರೆ ಮೂವರ ಮೇಲೆ ಮೂವರ ಆಟದಲ್ಲಿ ಮೊರಾಂಟ್. ಮೂರು ವರ್ಷದ ನಂತರ ಅವನು ಎನ್‌ಬಿಎ ಡ್ರಾಫ್ಟ್‌ನಲ್ಲಿ ಎರಡನೆಯವನು.

ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ಎದುರಿಸುವ ಅವಕಾಶವೇ ತಡವಾಗಿ ಬಂತು. ಶಿಕ್ಷಣದಲ್ಲಿ ಲಿಂಗಭೇದ ನಿಷೇಧಿಸಿದ ಟೈಟಲ್ ನೈನ್ ಕಾಯ್ದೆ 1972ರದ್ದು. ಕಾಲೇಜು ಆಟಗಳ ಸಂಸ್ಥೆ ಎನ್‌ಸಿಎಎ ನಡೆಸುವ ಹೆಂಗಸರ ಪಂದ್ಯಾವಳಿ ಶುರುವಾದದ್ದು 1982ರಲ್ಲಿ. ಅಯೋವಾದ ಕೇಟ್ಲಿನ್ ಕ್ಲಾರ್ಕ್ ಮಧ್ಯಗೆರೆಯ ಹತ್ತಿರದಿಂದ ಹೊಡೆಯುವುದನ್ನು ಮಗಳ ಜೊತೆ ನೋಡುವಾಗ ನನಗೆ ಮೈಸೂರಿನ ಮಣ್ಣಿನ ಅಂಕಣ ನೆನಪಾಗುತ್ತದೆ. ಅಲ್ಲಿ ನಮ್ಮನ್ನು ನೋಡಲು ಬಂದು ಕೂತವರು ನಮ್ಮ ಗೆಳತಿಯರು ಮಾತ್ರ.

ಈಚಿನ ವರ್ಷಗಳಲ್ಲಿ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂದಿದೆ. ಕೋವಿಡ್ ಬಂದಾಗ, 2020ರ ಮಾರ್ಚ್‌ನಿಂದ 2021ರ ಮೇ ಕೊನೆಯವರೆಗೆ, ಕಾಲೇಜು ಕೋಚ್‌ಗಳು ಹೈಸ್ಕೂಲ್ ಹುಡುಗರನ್ನು ಖುದ್ದಾಗಿ ನೋಡುವಂತಿರಲಿಲ್ಲ. ಕಾಲೇಜಿನಲ್ಲಿದ್ದವರಿಗೆ ಒಂದು ವರ್ಷ ಹೆಚ್ಚು ಆಡಲು ಅನುಮತಿ ಸಿಕ್ಕಿತು. 2018ರಲ್ಲಿ ತೆರೆದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಕಾಲೇಜು ಬದಲಿಸುವುದು 2021ರಿಂದ ಸಲೀಸಾಯಿತು. ಅದೇ ವರ್ಷದ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಗಳಿಸಬಹುದೆಂದಾಯಿತು. ದುಡ್ಡು ಸಿಗುವುದು ನ್ಯಾಯವೇ. ಅವರ ಬೆವರಿನಿಂದ ಎಲ್ಲರೂ ಗಳಿಸಿದ್ದರು. ಆದರೆ ಹೈಸ್ಕೂಲಿನ ಗಾರ್ಡ್‌ಗೆ ದಾರಿ ಕಿರಿದಾಗಿದೆ. ಕಾಲೇಜಿನಲ್ಲೇ ಮೂರು ವರ್ಷ ಆಡಿ ಪಳಗಿದ ಇಪ್ಪತ್ತೆರಡರ ಹುಡುಗ ಪೋರ್ಟಲ್‌ನಲ್ಲಿ ಸಿಗುವಾಗ, ಹದಿನೇಳರ ಹುಡುಗನ ಕೆಟ್ಟ ದಿನಗಳನ್ನು ಸಹಿಸಿಕೊಂಡು ಕಾಯುವ ಕೋಚ್‌ಗಳು ಕಡಿಮೆಯಾಗಿದ್ದಾರೆ. ಮೊದಲ ಪಂದ್ಯದಲ್ಲೇ 13 ಸಲ ಚೆಂಡು ಕಳೆದುಕೊಂಡವನನ್ನು ಮರುದಿನವೂ ಆಡಿಸುವ ತಾಳ್ಮೆ ಇಂದು ಎಷ್ಟು ಜನಕ್ಕಿದೆ? 2025ರ ಮಾರ್ಚ್‌ನಲ್ಲಿ ಡೇವಿಡ್‌ಸನ್ ಕಾಲೇಜು ತನ್ನ ಬಾಸ್ಕೆಟ್‌ಬಾಲ್ ತಂಡಗಳಿಗೆ ಸ್ಟೆಫನ್ ಕರಿಯನ್ನು ಸಹಾಯಕ ಜನರಲ್ ಮ್ಯಾನೇಜರ್ ಆಗಿ ನೇಮಿಸಿತು. ಹಾಗೆ ಆಯ್ಕೆಯಾಗಿದ್ದವನೊಬ್ಬ ಅಲ್ಲಿರುವುದು ನನಗೆ ಸಮಾಧಾನ.

ನಮ್ಮ ಜಿಮ್ಮಿಗೆ ಬರುವ ಸಹಾಯಕ ಕೋಚ್‌ಗಳನ್ನು ಕಾಲೇಜಿನ ಗುರುತಿರುವ ಅಂಗಿಯಿಂದಲೇ ಪತ್ತೆ ಹಚ್ಚಬಹುದು. ಮೊದಲು ಒಂದು ಸಾಲು ತುಂಬುತ್ತಿತ್ತು, ಈಗ ಒಬ್ಬಿಬ್ಬರು. ಈ ಚಳಿಗಾಲ ಸಣ್ಣ ಕಾಲೇಜೊಂದರಿಂದ ಬಂದವರು ಹಾಫ್‌ಟೈಮ್‌ನಲ್ಲಿ ಮೇಜಿನ ಹತ್ತಿರ ಬಂದು ನಮ್ಮ ಪಾಯಿಂಟ್ ಗಾರ್ಡ್ ಬಗ್ಗೆ ಕೇಳಿದರು. ಪಾಯಿಂಟ್ ಎಷ್ಟು ಅಂತಲ್ಲ.

“ಪಾಸ್ ತಪ್ಪಿದ ಮೇಲೆ ಏನ್ಮಾಡ್ತಾನೆ ಮೇಡಂ? ನೀವು ಎಲ್ಲ ಆಟ ನೋಡಿರ್ತೀರಿ.”

“ಓಡಿ ಹಿಂದಕ್ಕೆ ಹೋಗಿ ಡಿಫೆನ್ಸ್ ನಿಲ್ತಾನೆ,” ಅಂದೆ. “ಡಿಸೆಂಬರ್‌ನಲ್ಲಿ ಹಾಗೆ ಮಾಡ್ತಿರ್ಲಿಲ್ಲ, ತಲೆ ತಗ್ಗಿಸ್ಕೊಂಡು ನಿಂತ್ಬಿಡ್ತಿದ್ದ. ಜನವರಿಯಿಂದ ಸರಿಹೋಗಿದ್ದಾನೆ.”

ಪುಟದ ಅಂಚಿನ ಪೆನ್ಸಿಲ್ ಬರಹ ತೋರಿಸಿದೆ. ಕನ್ನಡದಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಬೇಕಾಯಿತು. ಅವರು ತಮ್ಮ ಚೀಟಿಯಲ್ಲಿ ಬರೆದುಕೊಂಡರು. ಮುಂದಿನ ಆಟ ಎಲ್ಲಿ ಎಂದು ಕೇಳಿದರು. ಏಪೆಕ್ಸ್‌ನಲ್ಲಿ, ಶುಕ್ರವಾರ, ಏಳೂವರೆಗೆ ಎಂದೆ. ಆರು ಗಂಟೆಗೇ ಬಂದು ವಾರ್ಮ್‌ಅಪ್‌ನಿಂದ ನೋಡುತ್ತೇನೆ ಎಂದರು.